ಹೂಂರಾಯರು ‘ಇಲ್ಲ’ ಎಂದ ದಿನ

ಎಲ್ಲ ಅನಾಹುತಕ್ಕೂ ಮೂಲ ಒಂದು ಚಿಕ್ಕ ಚೌಕ. ಅಂಗೈಯಗಲವೂ ಇರಲಿಲ್ಲ. ನಾಲ್ಕು ವರ್ಷಗಳಿಂದ ಪ್ರತಿದಿನ ಬೆಳಗ್ಗೆ ಒಂಬತ್ತೂವರೆಗೆ ಸರಿಯಾಗಿ ಅದು ಕಂಪ್ಯೂಟರಿನ ಬಲಮೂಲೆಯಲ್ಲಿ ಮೆಲ್ಲಗೆ ತಲೆಯೆತ್ತಿ, ‘ಹೊಸ ವ್ಯವಸ್ಥೆ ಸಿದ್ಧವಾಗಿದೆ. ಈಗಲೇ ಹಾಕಲೇ, ನಾಳೆ ನೆನಪಿಸಲೇ?’ ಎಂದು ಕೇಳುತ್ತಿತ್ತು. ನಾಲ್ಕು ವರ್ಷಗಳಿಂದ ಪ್ರತಿದಿನ ಹೂಂರಾಯರು ‘ನಾಳೆ’ಯನ್ನು ಒತ್ತುತ್ತಿದ್ದರು. ಒತ್ತಿದ ಮೇಲೆ ಮಧ್ಯಾಹ್ನದವರೆಗೂ ಅವರಿಗೆ ಆ ಯಂತ್ರಕ್ಕೆ ಮುಖ ಕೊಟ್ಟು ಕೂರಲು ಸಂಕೋಚವಾಗುತ್ತಿತ್ತು.

ಹೂಂರಾಯರು ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಕಚೇರಿ ಇಟ್ಟದ್ದು. ಯಾರು ಏನು ಕೇಳಿದರೂ ಅವರ ಬಾಯಿಂದ ಬರುತ್ತಿದ್ದದ್ದು ಅದೊಂದೇ ಸ್ವರ. ಅವರ ಕೊಡೆ ಊರಿನ ಸಮಸ್ತರ ತಲೆಯನ್ನೂ ಕಾಯ್ದಿತ್ತು, ಅವರೊಬ್ಬರದನ್ನು ಬಿಟ್ಟು. ರಜೆಯ ದಿನಗಳಲ್ಲಿ ಅವರು ಮಾಡಿಕೊಟ್ಟ ಬೇರೆಯವರ ಕೆಲಸವನ್ನೆಲ್ಲ ಒಂದರ ಮೇಲೊಂದು ಪೇರಿಸಿದ್ದರೆ ಊರಿನ ನೀರಿನ ಟ್ಯಾಂಕಿಗಿಂತ ಎರಡಾಳು ಎತ್ತರವಾಗುತ್ತಿತ್ತು. ಮದುವೆಯಾಗದೆ ಉಳಿದದ್ದಕ್ಕೂ ಕಾರಣ ಇಷ್ಟೇ: ಯಾರೂ ಕೇಳಲಿಲ್ಲ. ಕೇಳಿದ್ದರೆ ಹೂಂ ಎನ್ನುತ್ತಿದ್ದರು. ಇಬ್ಬರು ಕೇಳಿದ್ದರೆ ಇಬ್ಬರಿಗೂ.

ಅವರು ನೀರು ಸರಬರಾಜು ಕಚೇರಿಯ ನಕ್ಷೆಗಾರರು. ಊರಿನ ನೆಲದಡಿ ಯಾವ ಪೈಪು ಎಲ್ಲಿ ಹುಟ್ಟಿ, ಯಾರ ಅಂಗಳದಡಿ ನುಸುಳಿ, ಯಾವ ಬೀದಿಯಲ್ಲಿ ಇನ್ನೊಂದರ ಕೈ ಹಿಡಿಯುತ್ತದೆ ಎನ್ನುವುದು ಅವರಿಗೆ ಅಂಗೈ ಗೆರೆಯಷ್ಟು ಸ್ಪಷ್ಟ. ಇಂಥವರಿಗೆ ಒಂದು ತಿಂಗಳ ಹಿಂದೆ ಮೇಲಿಂದ ಪತ್ರವೊಂದು ಬಂದಿತ್ತು. ‘ತಮ್ಮನ್ನು ಜಲಾಶಯದ ಕಚೇರಿಗೆ ವರ್ಗಾಯಿಸಲು ಉದ್ದೇಶಿಸಲಾಗಿದೆ. ಒಪ್ಪದಿದ್ದಲ್ಲಿ ಮೂವತ್ತು ದಿನಗಳೊಳಗೆ ತಿಳಿಸತಕ್ಕದ್ದು. ಉತ್ತರ ಬಾರದಿದ್ದಲ್ಲಿ ಒಪ್ಪಿಗೆಯೆಂದು ಭಾವಿಸಲಾಗುವುದು.’

ಜಲಾಶಯವೆಂದರೆ ಪಕ್ಕದ ಬೀದಿಯಲ್ಲ. ಬೆಳಗ್ಗೆ ಬಸ್ಸು ಹತ್ತಿದವನು ಇಳಿಯುವಷ್ಟರಲ್ಲಿ ಗಡ್ಡ ಬೆಳೆದಿರುತ್ತದೆ. ಹೂಂರಾಯರಿಗೆ ದೂರದ ಚಿಂತೆ ಇರಲಿಲ್ಲ, ಇದ್ದದ್ದು ತಾಯಿಯದು. ಆಕೆಗೆ ಕಣ್ಣು ಹೋಗಿ ಹದಿನೆಂಟು ವರ್ಷ. ಆ ಎರಡು ಕೋಣೆಯ ಮನೆಯೇ ಆಕೆಯ ಕಣ್ಣು. ಮಂಚದಿಂದ ಅಡಿಗೆಮನೆಗೆ ಹನ್ನೆರಡು ಹೆಜ್ಜೆ, ಅಲ್ಲಿಂದ ಬಚ್ಚಲಿಗೆ ಏಳು, ಬಾಗಿಲಿನ ಅಗಣಿಗೆ ಕೈ ಎತ್ತಿದರೆ ಸಾಕು. ಹೊಸ ಊರಿನ ಹೊಸ ಮನೆಯಲ್ಲಿ ತಾಯಿ ಗೋಡೆ ತಡವುತ್ತ ನಿಂತಿರುವ ಚಿತ್ರ ಕಣ್ಣ ಮುಂದೆ ಬಂದಾಗಲೆಲ್ಲ ಹೂಂರಾಯರು ಕೈಯಲ್ಲಿದ್ದ ನಕ್ಷೆಯನ್ನು ಸುತ್ತಿ ಬದಿಗಿಡುತ್ತಿದ್ದರು. ವರ್ಗದ ಪತ್ರವನ್ನು ಓದಿ ಹೇಳಿದ ದಿನ ತಾಯಿ “ಹೌದಾ” ಎಂದು ಸುಮ್ಮನಾಗಿದ್ದರು. ಆ ಮೌನ ಮಗನ ಎದೆಯ ಮೇಲೆ ಹಾಸುಗಲ್ಲಿನ ಹಾಗೆ ಕೂತುಬಿಟ್ಟಿತು.

ಹುಟ್ಟಿದಂದಿನಿಂದ ಮೊದಲ ಬಾರಿಗೆ ಅವರು ಒಂದು ‘ಇಲ್ಲ’ ಹೇಳಲು ನಿಶ್ಚಯಿಸಿದರು.

ಹೇಳುವುದೇನು ಸುಲಭವೇ? ಇಪ್ಪತ್ತೊಂಬತ್ತು ದಿನ, ಇಪ್ಪತ್ತೊಂಬತ್ತು ಕರಡು. ಪ್ರತಿಯೊಂದೂ ಮೊದಲ ಸಾಲಿನಲ್ಲಿ ಸಿಂಹದಂತೆ ಹೊರಟು, ಎರಡನೆಯದರಲ್ಲಿ ಕೆಮ್ಮಿ, ಮೂರನೆಯದರಲ್ಲಿ ‘ಆದರೂ ತಮ್ಮ ಚಿತ್ತ’ ಎಂದು ಮುದುರಿಕೊಳ್ಳುತ್ತಿತ್ತು. ಮೂವತ್ತನೆಯ ದಿನ ಬೆಳಗ್ಗೆ ಬೇಗನೆ ಬಂದು, ಹಲ್ಲು ಕಚ್ಚಿ, ಎರಡೇ ಸಾಲು ಬರೆದು ಮುಗಿಸಿದರು. ‘ತಾಯಿಯವರ ಸಲುವಾಗಿ ಈ ಊರು ಬಿಡಲಾರೆ. ಒಪ್ಪಿಗೆ ಇಲ್ಲ.’ ಮೂರನೇ ಸಾಲು ತಾನಾಗಿ ಬರುವ ಮೊದಲೇ ಕೀಬೋರ್ಡಿನಿಂದ ಕೈ ತೆಗೆದು ತೊಡೆಯಡಿ ಇಟ್ಟುಕೊಂಡರು. ಇನ್ನು ಕಳಿಸುವುದೊಂದೇ ಬಾಕಿ.

ಗಂಟೆ ಒಂಬತ್ತೂವರೆ. ಮೂಲೆಯ ಚೌಕ ತಲೆಯೆತ್ತಿತು. ‘ಈಗಲೇ ಹಾಕಲೇ, ನಾಳೆ ನೆನಪಿಸಲೇ?’

ಹೂಂರಾಯರು ಅದನ್ನು ನೋಡಿದರು. ಸಾವಿರಕ್ಕೂ ಹೆಚ್ಚು ಬಾರಿ ಮುಖಭಂಗವಾದರೂ ಬೇಸರಿಸದೆ, ದನಿ ಏರಿಸದೆ ಕೇಳುತ್ತಿರುವ ಸಜ್ಜನ. ಒಂದೇ ಬೆಳಗಿನಲ್ಲಿ ಇಬ್ಬರಿಗೆ ‘ಇಲ್ಲ’ ಎನ್ನುವಷ್ಟು ಕಟುಕರಲ್ಲ ಅವರು. ‘ಈಗಲೇ’ಯನ್ನು ಒತ್ತಿದರು.

ಪರದೆ ಕಪ್ಪಾಯಿತು. ನಡುವೆ ಬಿಳಿ ಚುಕ್ಕೆಗಳ ಬಳೆಯೊಂದು ಸುತ್ತತೊಡಗಿತು. ಕೆಳಗೆ ‘ಶೇಕಡಾ 1. ದಯವಿಟ್ಟು ಆರಿಸಬೇಡಿ’ ಎಂದು ಮೂಡಿತು. ಅದರ ಹಿಂದೆ, ಯಾವುದೋ ಪಾತಾಳದಲ್ಲಿ, ಆ ಎರಡು ಸಾಲು ಮುಳುಗಿಹೋಗಿದ್ದವು.

ಹತ್ತು ಗಂಟೆಗೆ ಶೇಕಡಾ ನಾಲ್ಕು. ಹೂಂರಾಯರು ಎದ್ದು ಸಾಹೇಬರ ಕೋಣೆಗೆ ಹೋದರು.

“ಸರ್, ಆ ವರ್ಗದ ಉತ್ತರ… ಕಾಗದದಲ್ಲಿ ಬರ್ಕೊಟ್ರೆ ಆಗುತ್ತಾ?”

“ಕಾಗದವಾ?” ಸಾಹೇಬರು ಯಾರೋ ಕಲ್ಲಿನ ಚಪ್ಪಡಿ ಹೊತ್ತು ತಂದ ಹಾಗೆ ನೋಡಿದರು. “ಹೋದ ವರ್ಷವೇ ನಿಲ್ಲಿಸಿದ್ವಲ್ರೀ. ನೀವು ಬರ್ಕೊಟ್ರೆ ಇಡೋಕೆ ನನ್ನ ಹತ್ರ ಬೀರು ಎಲ್ಲಿದೆ? ಅವರವರ ಕಂಪ್ಯೂಟರಿನಿಂದ ಅವರವರೇ ಕಳಿಸ್ಬೇಕು. ಐದು ಗಂಟೆ ತನಕ ಟೈಮಿದೆ. ಐದಾದ ಮೇಲೆ ಬಾಗಿಲು ತಾನಾಗೇ ಮುಚ್ಕೊಳ್ಳುತ್ತೆ. ಆಮೇಲೆ ನಾನು ಹೇಳಿದ್ರೂ ತೆಗೆಯಲ್ಲ.”

ಹೂಂರಾಯರು “ಹೂಂ” ಎಂದು ಹೊರಬಂದರು.

ಅಷ್ಟರಲ್ಲಿ ಸುದ್ದಿ ಕಚೇರಿಯ ತುಂಬ ಹಬ್ಬಿತ್ತು. ಮೇಜಿನ ಸುತ್ತ ಜನ ಸೇರಿದ್ದರು. ಪೈಪು ಒಡೆದು ಮುಖ್ಯರಸ್ತೆ ಹೊಳೆಯಾದ ವರ್ಷವೂ ಅಷ್ಟು ಜನ ಸೇರಿರಲಿಲ್ಲ. ಎಲ್ಲರ ಮುಖದಲ್ಲೂ ಆಸ್ಪತ್ರೆಯ ಹೊರಗೆ ನಿಂತವರ ಗಾಂಭೀರ್ಯ.

“ಮುಟ್ಟಬೇಡಿ, ಯಾರೂ ಮುಟ್ಟಬೇಡಿ,” ಎನ್ನುತ್ತ ಹೆಡ್‌ಕ್ಲರ್ಕರು ಎಲ್ಲರಿಗಿಂತ ಮುಂದೆ ಬಂದರು. ಕಂಪ್ಯೂಟರಿನ ವಿಷಯದಲ್ಲಿ ಅವರದ್ದೇ ಕೊನೆಯ ಮಾತು, ಏಕೆಂದರೆ ಅವರ ಭಾವಮೈದ ಒಂದು ಕಂಪ್ಯೂಟರ್ ಅಂಗಡಿಯ ಎದುರು ಮನೆಯಲ್ಲಿದ್ದ. “ರಾಯರೇ, ನಿಮ್ಮ ಯಂತ್ರಕ್ಕೆ ಹೊರೆ ಜಾಸ್ತಿಯಾಗಿದೆ. ನೋಡಿ, ಎಷ್ಟು ತಂತಿ ಹಿಡ್ಕೊಂಡು ನೇತಾಡ್ತಿದೆ! ಬೆಟ್ಟ ಹತ್ತೋನ ಹೆಗಲ ಮೇಲೆ ಮೂಟೆ ಇಟ್ರೆ ಹತ್ತಾನಾ? ಇಳಿಸಿ, ಇಳಿಸಿ.”

“ಹೂಂ,” ಎಂದರು ಹೂಂರಾಯರು.

ಹೆಡ್‌ಕ್ಲರ್ಕರು ಪ್ರಿಂಟರಿನ ತಂತಿ ಕಿತ್ತರು, ಮೌಸ್ ಕಿತ್ತರು, ಕೀಬೋರ್ಡ್ ಕಿತ್ತರು. ಅವರ ಸ್ವಂತ ಕೀಬೋರ್ಡಿನ ಮೇಲೆ ಹಿಂದಿನ ದಿನ ಚಹಾ ಚೆಲ್ಲಿ ಅರ್ಧ ಅಕ್ಷರಗಳು ಮೂಕವಾಗಿದ್ದವು. “ಇದು ಸುಮ್ನೆ ಕೂತಿರೋ ಹೊತ್ತು ನಾನು ಉಪಯೋಗಿಸ್ಲಾ?” ಎಂದರು. ಹೂಂರಾಯರು ಏನೆಂದರೆಂದು ಹೇಳಬೇಕಿಲ್ಲ.

ವಿಚಿತ್ರವೆಂದರೆ ಶೇಕಡಾವಾರು ಏರಿತು. ಹನ್ನೊಂದೂವರೆಯ ಹೊತ್ತಿಗೆ ಎಪ್ಪತ್ತೊಂದು. ಹೆಡ್‌ಕ್ಲರ್ಕರು ತಮ್ಮ ಕುರ್ಚಿಯಿಂದಲೇ ಮೀಸೆ ತಿರುವಿದರು. ಎಪ್ಪತ್ತೊಂದಕ್ಕೆ ಬಂದದ್ದು ಅಲ್ಲೇ ನಿಂತಿತು. ಹತ್ತು ನಿಮಿಷ ನಿಂತಿತು. ಇಪ್ಪತ್ತು ನಿಮಿಷ ನಿಂತಿತು.

ಆಗ ವಾಲ್ವಣ್ಣ ಬಂದ.

ವಾಲ್ವಣ್ಣ ಕಚೇರಿಯ ಹಿರಿಯ ಫಿಟ್ಟರು. ಮೂವತ್ತು ವರ್ಷ ಊರಿನ ವಾಲ್ವುಗಳನ್ನು ತಿರುಗಿಸಿ ಅವನ ಮಣಿಕಟ್ಟು ಸಾಮಾನ್ಯ ಮನುಷ್ಯರ ಮೊಣಕಾಲಿನಷ್ಟು ದಪ್ಪಗಿತ್ತು. ನೆಲಕ್ಕೆ ಕಿವಿಯಿಟ್ಟು, ಮೂರು ಬೀದಿ ಆಚೆ ಯಾರ ಮನೆಯ ನಲ್ಲಿ ಸೋರುತ್ತಿದೆ ಎಂದು ಹೇಳಬಲ್ಲವನು. ಒಳ್ಳೆಯ ಮನುಷ್ಯ. ಹೂಂರಾಯರ ಮನೆಯ ನಲ್ಲಿ ಕೆಟ್ಟಾಗಲೆಲ್ಲ ಕರೆಯದೆ ಬಂದು ಸರಿಮಾಡಿ, ತಾಯಿಯವರ ಹತ್ತಿರ ಒಂದು ಗಂಟೆ ಹರಟಿ ಹೋಗುತ್ತಿದ್ದ. ಅವನು ಕಂಪ್ಯೂಟರಿಗೆ ಕಿವಿಯಿಟ್ಟು ಕೇಳಿದ. ಒಳಗಿಂದ ಬುಸ್ಸೆನ್ನುವ ಸದ್ದು ಬರುತ್ತಿತ್ತು.

“ರಾಯರೇ, ಇದು ಗಾಳಿ ಕಟ್ಟಿರೋದು.”

“ಗಾಳೀನಾ?”

“ಬರ್ತಾ ಬರ್ತಾ ಇರೋದು ನಡುದಾರೀಲಿ ನಿಂತ್ರೆ ಇನ್ನೇನು? ಒಳಗೆ ಬುಸ್ ಬುಸ್ ಅಂತಿದೆ, ಕೇಳಿಸ್ತಿಲ್ವಾ? ಮೇನ್ ಒಂದ್ಸಲ ಪೂರ್ತಿ ಮುಚ್ಚಿ, ಹತ್ತು ಎಣಿಸಿ ಬಿಟ್ರೆ ಎಂಥ ಗಾಳಿಯಾದ್ರೂ ಕಿತ್ಕೊಂಡು ಹೋಗುತ್ತೆ. ಮೂವತ್ತು ವರ್ಷದಲ್ಲಿ ಒಂದೇ ಒಂದು ಲೈನು ನನಗೆ ಕೈಕೊಟ್ಟಿಲ್ಲ. ಮುಚ್ಲಾ?”

‘ದಯವಿಟ್ಟು ಆರಿಸಬೇಡಿ’ ಎಂಬ ಅಕ್ಷರಗಳು ವಾಲ್ವಣ್ಣನ ಭುಜದ ಹಿಂದಿನಿಂದ ಹೂಂರಾಯರನ್ನೇ ದಿಟ್ಟಿಸುತ್ತಿದ್ದವು. ಹೂಂರಾಯರು ಬಾಯಿ ತೆರೆದರು. ಮೈಯ ರಕ್ತವೆಲ್ಲ ಒಂದಾಗಿ ನೂಕಿದರೂ ಆ ಎರಡಕ್ಷರ ನಾಲಿಗೆ ದಾಟಲಿಲ್ಲ.

“ಹೂಂ,” ಎಂದರು.

ವಾಲ್ವಣ್ಣ ಮೇಜಿನಡಿ ನುಸುಳಿ ಪ್ಲಗ್ ಕಿತ್ತ. ಅವನು ಹತ್ತರವರೆಗೆ ಎಣಿಸಿದ ರೀತಿ, ಬಂದೂಕಿನ ಗೌರವ ಸಲ್ಲಿಸುವವರೂ ಅಷ್ಟು ಗಂಭೀರವಾಗಿ ಎಣಿಸಲಾರರು. ಮತ್ತೆ ಪ್ಲಗ್ ಚುಚ್ಚಿದ. ಯಂತ್ರ ನರಳಿತು, ಮಿಟುಕಿತು, ‘ಹಿಂದಿನ ಪ್ರಯತ್ನ ವಿಫಲವಾಗಿದೆ. ಮೊದಲಿನಿಂದ ಪ್ರಾರಂಭಿಸಲಾಗುತ್ತಿದೆ’ ಎಂದು ಹೇಳಿ ಶೇಕಡಾ ಒಂದಕ್ಕೆ ಇಳಿಯಿತು.

“ನೋಡಿದ್ರಾ?” ಎಂದ ವಾಲ್ವಣ್ಣ ಬೆವರು ಒರೆಸಿಕೊಳ್ಳುತ್ತ. “ಹರಿಯೋಕೆ ಶುರುವಾಯ್ತು.”

ಊಟದ ಹೊತ್ತಾಯಿತು. ಹೂಂರಾಯರು ಡಬ್ಬಿ ತೆರೆಯಲಿಲ್ಲ. ಸಹಾಯವಾಣಿಗೆ ಫೋನ್ ಮಾಡಿದರು. ‘ನೀವು ಸರದಿಯಲ್ಲಿದ್ದೀರಿ’ ಎಂದು ಒಂದು ದನಿ ಹೇಳಿತು. ಸಂಗೀತ ಬಂತು. ಆ ಸಂಗೀತ ಮುಗಿಯುವಷ್ಟರಲ್ಲಿ ಒಂದು ಮಗು ಹುಟ್ಟಿ, ಬೆಳೆದು, ಅದೇ ಸಹಾಯವಾಣಿಯಲ್ಲಿ ಕೆಲಸಕ್ಕೆ ಸೇರಬಹುದಿತ್ತು. ಕೊನೆಗೆ ಒಬ್ಬ ಹೆಣ್ಣುಮಗಳು ಮಾತಾಡಿದಳು. ದನಿ ಬೆಣ್ಣೆಯಂತಿತ್ತು.

“ನಿಮ್ಮ ಸಮಸ್ಯೆ ಅರ್ಥವಾಯ್ತು ಸರ್. ತುಂಬಾ ಜನಕ್ಕೆ ಹೀಗಾಗ್ತಿದೆ. ಪರಿಹಾರ ಪೂರ್ತಿ ವಿವರವಾಗಿ ಕಳಿಸಿದ್ದೀನಿ ಸರ್.”

“ತುಂಬಾ ಉಪಕಾರವಾಯ್ತಮ್ಮ. ಎಲ್ಲಿಗೆ ಕಳಿಸಿದ್ದೀಯಾ?”

“ನಿಮ್ಮ ಕಂಪ್ಯೂಟರಿಗೇ ಸರ್. ತೆರೆದು ನೋಡ್ಕೊಳ್ಳಿ. ನಮ್ಮ ಸೇವೆ ನಿಮಗೆ ತೃಪ್ತಿ ಕೊಡ್ತಾ ಸರ್?”

“ಹೂಂ,” ಎಂದರು ಹೂಂರಾಯರು.

ಮೂರೂವರೆಗೆ ಶೇಕಡಾ ತೊಂಬತ್ತೊಂಬತ್ತು. ನಾಲ್ಕಕ್ಕೂ ತೊಂಬತ್ತೊಂಬತ್ತು. ಆ ಕೊನೆಯ ಒಂದರಲ್ಲಿ ಹೂಂರಾಯರ ತಲೆಗೂದಲು ಎಷ್ಟು ನೆರೆಯಿತೆಂದರೆ, ಕಾಫಿ ಕುಡಿದು ಮರಳಿದ ಟೈಪಿಸ್ಟಮ್ಮ ಯಾರೋ ಹೊಸಬರು ಕೂತಿದ್ದಾರೆಂದು ನಮಸ್ಕಾರ ಮಾಡಿದರು. ನಾಲ್ಕೂ ಕಾಲಿಗೆ ಪರದೆ ಬೆಳಗಿತು. ಬೆಟ್ಟ, ಮೋಡ, ಹಸಿರು. ನಡುವೆ ದೊಡ್ಡಕ್ಷರ: ‘ನಮಸ್ಕಾರ! ಮುಂದುವರಿಯಲು ಯಾವುದಾದರೂ ಕೀ ಒತ್ತಿ.’

ಒತ್ತಲು ಕೀಬೋರ್ಡೇ ಇರಲಿಲ್ಲ.

ಅದು ಹೆಡ್‌ಕ್ಲರ್ಕರ ಮೇಜಿನ ಮೇಲಿತ್ತು. ಹೆಡ್‌ಕ್ಲರ್ಕರು ಅದರ ಮೇಲೆ ವಾರ್ಷಿಕ ವರದಿ ಕುಟ್ಟುತ್ತಿದ್ದರು. “ಒಂದೇ ಪ್ಯಾರಾ ರಾಯರೇ, ಮುಗಿಸಿಬಿಡ್ತೀನಿ,” ಎಂದರು. ಆ ಪ್ಯಾರಾ ಹದಿನೆಂಟು ನಿಮಿಷ ನಡೆಯಿತು. ಊರಿಗೆ ಮೊದಲ ನಲ್ಲಿ ಬಂದ ಕಾಲದಿಂದ ಹೊರಟಿತ್ತು. ಕೊನೆಗೆ ಟೈಪಿಸ್ಟಮ್ಮ ಎದ್ದು, ಹೆಡ್‌ಕ್ಲರ್ಕರ ಹತ್ತು ಬೆರಳುಗಳ ಕೆಳಗಿನಿಂದ ಕೀಬೋರ್ಡನ್ನು ಎಳೆದು ತಂದು, ಕಿತ್ತಿದ್ದ ಮೌಸಿನ ಜೊತೆಗೆ ಹೂಂರಾಯರಿಗೆ ಕೊಟ್ಟರು. ಹೆಡ್‌ಕ್ಲರ್ಕರು ಬರಿಯ ಮೇಜಿನ ಮೇಲೆ ಇನ್ನೂ ಅರ್ಧ ಸಾಲು ಹೊಡೆದ ಮೇಲೆ ಅವರಿಗೆ ಅದು ತಿಳಿಯಿತು.

ನಾಲ್ಕು ಮೂವತ್ತೈದು. ಹೊಸ ವ್ಯವಸ್ಥೆಗೆ ಹೂಂರಾಯರ ಪರಿಚಯ ಮಾಡಿಕೊಳ್ಳುವ ಅಪಾರ ಆಸೆ. ಯಾವ ಬಣ್ಣದ ಅಂಚು ಬೇಕು? ಹವಾಮಾನ ಹೇಳಲೇ? ನಿಮ್ಮ ದನಿ ಕೇಳಿಸಿಕೊಳ್ಳಲೇ? ನಿಮ್ಮ ಬೆರಳು ತೋರಿಸುವಿರಾ? ಹೂಂರಾಯರು ಎಲ್ಲಕ್ಕೂ ಹೂಂ ಎನ್ನುತ್ತ ಹೋದರು, ಅಷ್ಟರಮಟ್ಟಿಗೆ ಅವರಿಗೂ ಅದಕ್ಕೂ ಚೆನ್ನಾಗಿ ಹೊಂದಿಕೆಯಾಯಿತು. ಕೊನೆಯಲ್ಲಿ ಪಾಸ್‌ವರ್ಡ್ ಕೇಳಿತು. ಹೇಳಿದರು. ‘ಇದು ಹಳೆಯದು. ನಿಮ್ಮನ್ನು ಖಚಿತಪಡಿಸಿಕೊಳ್ಳಲು ಒಂದು ಪ್ರಶ್ನೆ: ನಿಮ್ಮ ನೆಚ್ಚಿನ ಬಣ್ಣ ಯಾವುದು? ಮೂರು ಅವಕಾಶ.’

ಹೂಂರಾಯರು ದಿಗ್ಭ್ರಮೆಯಿಂದ ಕೂತರು. ನೆಚ್ಚಿನ ಬಣ್ಣ? ಅಂಥದ್ದನ್ನು ಯಾರಾದರೂ ಕೇಳಿದ ನೆನಪೇ ಅವರಿಗಿರಲಿಲ್ಲ.

“ಅಯ್ಯೋ, ಅದನ್ನ ನಾನೇ ತುಂಬಿದ್ದು!” ಎಂದರು ಟೈಪಿಸ್ಟಮ್ಮ. “ಈ ಯಂತ್ರ ಬಂದ ದಿನ ನಿಮ್ಮನ್ನ ಕೇಳಿದ್ದೆ. ‘ನಿಮಗೆ ಯಾವುದು ಇಷ್ಟವೋ ಅದೇ ಹಾಕಿ’ ಅಂದ್ರಿ.”

“ಯಾವುದು ಹಾಕಿದ್ರಿ ತಾಯಿ?”

“ನನಗಿಷ್ಟವಾದದ್ದು.”

“ಯಾವುದಿಷ್ಟ ನಿಮಗೆ?”

“ಈಗ ನೀಲಿ. ಆಗ… ಆಗ ನಮ್ಮ ಮನೆಗೆ ಸುಣ್ಣಬಣ್ಣ ಹೊಡೆಸ್ತಿದ್ವಿ. ಹಳದಿ ಇರ್ಬೇಕು.”

ಹಳದಿ ತಪ್ಪಾಯಿತು. ನಾಲ್ಕು ನಲವತ್ತೆಂಟು.

“ಹಸಿರು ಹಾಕಿ, ಎಲ್ಲರಿಗೂ ಹಸಿರೇ ಇಷ್ಟ,” ಎಂದರು ಹೆಡ್‌ಕ್ಲರ್ಕರು. ಹೂಂರಾಯರ ಬೆರಳು ಆಗಲೇ ಹೂಂ ಎಂದಿತ್ತು. ಹಸಿರೂ ತಪ್ಪಾಯಿತು. ಟೈಪಿಸ್ಟಮ್ಮ ಹೆಡ್‌ಕ್ಲರ್ಕರನ್ನು ನೋಡಿದ ನೋಟಕ್ಕೆ ಅವರ ಮೀಸೆ ಒಂದು ಬೆರಳು ಕೆಳಗಿಳಿಯಿತು.

ಉಳಿದದ್ದು ಒಂದು ಅವಕಾಶ. ಟೈಪಿಸ್ಟಮ್ಮ ಕಣ್ಣು ಮುಚ್ಚಿ ಗೋಡೆಗೊರಗಿ ನಿಂತರು. ನಾಲ್ಕು ವರ್ಷ ಹಿಂದಕ್ಕೆ ಹೋದರು. ಗೋಡೆಯ ಗಡಿಯಾರ ಸುತ್ತಿಗೆ ಹಿಡಿದು ಹೊಡೆಯುತ್ತಿತ್ತು.

“ಹಳದಿ ಬೇಡ ಅಂದಿದ್ರು ನಮ್ಮ ಯಜಮಾನ್ರು,” ಎಂದು ಮೆಲ್ಲಗೆ ಹೇಳಿದರು. “ಜಗಳ ಆಗಿತ್ತು. ಅದೇ ಸಿಟ್ಟಲ್ಲಿ ಕಚೇರಿಗೆ ಬಂದಿದ್ದೆ. ಅವರಿಗೆ ಹಳದಿಗಿಂತಲೂ ಆಗದೇ ಇರೋ ಬಣ್ಣವನ್ನೇ ಹಾಕಿದ್ದೆ. ರಾಯರೇ, ನೇರಳೆ!”

ನೇರಳೆ. ಬಾಗಿಲು ತೆರೆಯಿತು.

ನಾಲ್ಕು ಐವತ್ತನಾಲ್ಕು. ಎಲ್ಲವೂ ಜಾಗ ಬದಲಿಸಿತ್ತು. ಎಡಕ್ಕಿದ್ದದ್ದು ಕೆಳಗೆ, ಕೆಳಗಿದ್ದದ್ದು ಕಾಣೆ. ಊರಿನ ಅಡಿಯ ಪೈಪನ್ನೆಲ್ಲ ಕಣ್ಣುಮುಚ್ಚಿ ಹುಡುಕಬಲ್ಲವರು ತಮ್ಮ ಎರಡು ಸಾಲು ಹುಡುಕಲು ತಡಕಾಡಿದರು. ‘ಹಳೆಯ ವಸ್ತುಗಳು’ ಎಂಬ ಗೂಡಿನಲ್ಲಿ, ‘ಇತರೆ’ ಎಂಬ ಇನ್ನೊಂದರೊಳಗೆ, ಅವು ಸಿಕ್ಕವು. ಅಕ್ಷರ ಒಂದೂ ಕೆಟ್ಟಿರಲಿಲ್ಲ. ‘ತಾಯಿಯವರ ಸಲುವಾಗಿ ಈ ಊರು ಬಿಡಲಾರೆ. ಒಪ್ಪಿಗೆ ಇಲ್ಲ.’

ನಾಲ್ಕು ಐವತ್ತೆಂಟಕ್ಕೆ ಕಳಿಸು ಎಂಬುದನ್ನು ಒತ್ತಿದರು. ‘ನಿರಾಕರಿಸುತ್ತಿದ್ದೀರಿ. ಹೌದೇ?’ ಎಂದು ಕೇಳಿತು. ಹೌದು. ‘ಇದನ್ನು ಹಿಂಪಡೆಯಲಾಗದು. ತಿಳಿದಿದೆಯೇ?’ ಹೌದು. ‘ಕೊನೆಯ ಬಾರಿ ಕೇಳುತ್ತಿದ್ದೇವೆ. ಖಚಿತವೇ?’ ಹೌದು! ಒಂದು ‘ಇಲ್ಲ’ ಹೇಳುವುದಕ್ಕೆ ಮೂರು ಹೂಂ ಬೇಕಾಯಿತು. ಗಡಿಯಾರ ಐದು ಹೊಡೆಯಲು ಇನ್ನೂ ಒಂದು ನಿಮಿಷವಿತ್ತು.

ಚಪ್ಪಾಳೆ ಬಿತ್ತು. ವಾಲ್ವಣ್ಣ ಹೂಂರಾಯರನ್ನು ಕುರ್ಚಿಯ ಸಮೇತ ಮೇಲೆತ್ತಿದ. ಸದ್ದಿಗೆ ಸಾಹೇಬರು ಹೊರಬಂದು ಹೊಳೆಯುವ ಪರದೆಯನ್ನು ಎರಡೂ ಕಡೆಯಿಂದ ನೋಡಿದರು.

“ಭೇಷ್! ಈ ಕಚೇರೀಲಿ ಹೊಸ ವ್ಯವಸ್ಥೆ ಹಾಕೋದು ಗೊತ್ತಿರೋದು ನಿಮಗೊಬ್ಬರಿಗೇ. ಇನ್ನೂ ಮೂವತ್ತೇಳು ಯಂತ್ರ ಇದೆ. ನಾಳೆಯಿಂದ ದಿನಕ್ಕೊಂದು ಮಾಡ್ಕೊಡ್ತೀರಲ್ವಾ?”

ಗಾಳಿಯಲ್ಲಿ ತೇಲುತ್ತಿದ್ದ ಹೂಂರಾಯರು ಅಲ್ಲಿಂದಲೇ “ಹೂಂ” ಎಂದರು. ಮೂವತ್ತೇಳಲ್ಲ, ಮೂರು ಸಾವಿರವಾದರೂ ಚಿಂತೆಯಿಲ್ಲ. ತಾಯಿ ಹನ್ನೆರಡು ಹೆಜ್ಜೆಗೆ ಅಡಿಗೆಮನೆ ಸೇರುತ್ತಾರೆ, ಅಷ್ಟು ಸಾಕು.

ಮನೆಗೆ ಅವರು ನಡೆದು ಹೋಗಲಿಲ್ಲ, ನೆಲ ಅವರನ್ನು ಹೊತ್ತು ಹೋಯಿತು. ಬಾಗಿಲು ತೆರೆದೇ ಇತ್ತು. ತಾಯಿ ಹೊಸಿಲ ಬಳಿ ಕೂತಿದ್ದರು. ಪಕ್ಕದಲ್ಲಿ ಎರಡು ಪೆಟ್ಟಿಗೆ, ಒಂದು ಹಾಸಿಗೆಯ ಸುರುಳಿ, ಹಗ್ಗ ಬಿಗಿದ ಪಾತ್ರೆಗಳ ಗಂಟು.

“ಬಂದ್ಯಾ? ಐದು ಗಂಟೆ ಆಯ್ತಲ್ಲ,” ಎಂದರು. “ಯಾವತ್ತು ಹೊರಡೋದು?”

“ಎಲ್ಲಿಗಮ್ಮ?”

“ಎಲ್ಲಿಗೆ ಅಂತೀಯಲ್ಲೋ! ಜಲಾಶಯಕ್ಕೆ. ಇವತ್ತಿಗೆ ಮೂವತ್ತು ದಿನ, ಎಣಿಸಿದ್ದೀನಿ. ಪಕ್ಕದ್ಮನೆಯವಳನ್ನ ಕರೆದು ಬೆಳಗ್ಗೆಯಿಂದ ಕಟ್ಟಿಸ್ತಿದ್ದೀನಿ.”

ಹೂಂರಾಯರು ಪೆಟ್ಟಿಗೆಯ ಮೇಲೆ ಕೂತರು. ಬೇರೆ ಕೂರಲು ಮನೆಯಲ್ಲಿ ಏನೂ ಉಳಿದಿರಲಿಲ್ಲ.

“ಅಮ್ಮಾ… ನಿನಗೆ ಈ ಮನೆ ಬಿಡೋದು ಕಷ್ಟ ಅಂತ…”

“ಯಾರು ಹೇಳಿದ್ದು ನಿನಗೆ? ಹದಿನೆಂಟು ವರ್ಷದಿಂದ ಅದೇ ಹನ್ನೆರಡು ಹೆಜ್ಜೆ ಕಣೋ! ಗಾಣದೆತ್ತೂ ಇದಕ್ಕಿಂತ ದೂರ ಹೋಗುತ್ತೆ. ಕಣ್ಣಿಲ್ಲದವಳಿಗೆ ಊರು ನೋಡೋ ಆಸೆ ಇರಬಾರದಾ? ಅಲ್ಲಿ ಗೇಟು ತೆಗೆದು ನೀರು ಬಿಟ್ರೆ ನೆಲವೇ ಗುಡುಗುತ್ತಂತೆ, ಗಾಳೀಲಿ ಹನಿ ಬಂದು ಮುಖಕ್ಕೆ ಹೊಡೆಯುತ್ತಂತೆ. ವಾಲ್ವಣ್ಣ ಹೇಳ್ತಿದ್ದ. ಕಣ್ಣಿದ್ದವರು ನೋಡೋಕೆ ಹೋಗ್ಲಿ, ನಾನು ಕೇಳೋಕೆ ಬರ್ತೀನಿ.”

“ಹಾಗಾದ್ರೆ ಅವತ್ತೇ ಯಾಕಮ್ಮ ಹೇಳ್ಲಿಲ್ಲ?”

“ಹೇಳೋದೇನು? ನೀನು ಹುಟ್ಟಿದಾಗಿನಿಂದ ಯಾರಿಗಾದ್ರೂ ಇಲ್ಲ ಅಂದಿದ್ದೀಯಾ? ಅದೇ ಧೈರ್ಯ ನನಗೆ.”

ಹೂಂರಾಯರು ಸಾಹೇಬರಿಗೆ ಫೋನ್ ಮಾಡಿದರು.

“ಆ ಜಾಗವಾ?” ಎಂದರು ಸಾಹೇಬರು. “ನಿಮ್ಮ ‘ಇಲ್ಲ’ ಬಂತಲ್ಲ, ತಕ್ಷಣ ಬೇರೆಯವರನ್ನ ಹಾಕ್ಬೇಕಿತ್ತು. ಅಲ್ಲಿಗೆ ಒಬ್ಬ ಫಿಟ್ಟರೂ ಬೇಕು ಅಂದಿದ್ರು, ನಕ್ಷೆ ಗೊತ್ತಿರೋನಾದ್ರೆ ಎರಡು ಕೆಲಸಕ್ಕೂ ಒಬ್ಬನೇ ಸಾಕು ಅಂದ್ರು. ವಾಲ್ವಣ್ಣನ್ನ ಕರೆದು ಕೇಳ್ದೆ. ನನ್ನ ಮಾತು ಮುಗಿಯೋದ್ರೊಳಗೆ ಹೂಂ ಅಂದುಬಿಟ್ಟ ನೋಡಿ! ಆದೇಶ ಹೊರಟುಹೋಗಿದೆ. ನಾಳೆ ಹೆಡ್‌ಕ್ಲರ್ಕರ ಯಂತ್ರದಿಂದ ಶುರುಮಾಡಿ, ಆಯ್ತಾ?”

ಮಗ ಹೇಳಿದ್ದನ್ನೆಲ್ಲ ತಾಯಿ ಕಿವಿಗೊಟ್ಟು ಕೇಳಿದರು. ಬಹಳ ಹೊತ್ತು ಸುಮ್ಮನಿದ್ದರು. ಆ ಮೌನಕ್ಕೆ ಅರ್ಥ ಕಟ್ಟುವ ಸಾಹಸಕ್ಕೆ ಈ ಬಾರಿ ಹೂಂರಾಯರು ಹೋಗಲಿಲ್ಲ.

“ವಾಲ್ವಣ್ಣನ ಹೆಂಡತೀನೂ ಹೋಗ್ತಾಳಲ್ವಾ?” ಎಂದು ತಾಯಿ ಕೊನೆಗೆ ಕೇಳಿದರು. “ಒಳ್ಳೆ ಹೆಂಗಸು. ಕಟ್ಟಿದ ಪೆಟ್ಟಿಗೆ ಬಿಚ್ಚೋದ್ಯಾಕೆ? ನಿನ್ನ ಮೂವತ್ತೇಳು ಮುಗಿಯೋ ತನಕ ಅವರ ಜೊತೆ ಇದ್ದು ಬರ್ತೀನಿ. ಕಳಿಸ್ತೀಯಾ?”

ಹೂಂರಾಯರ ಇಡೀ ಜನ್ಮದ ‘ಇಲ್ಲ’ ಅಂದು ಸಂಜೆ ನಾಲ್ಕು ಐವತ್ತೊಂಬತ್ತಕ್ಕೆ ಖರ್ಚಾಗಿಹೋಗಿತ್ತು.

ಭಾನುವಾರ ಬೆಳಗ್ಗೆ ಬಸ್ಸು ಹೊರಟಿತು. ಮೂವತ್ತು ವರ್ಷ ತಿರುಗಿಸಿದ ವಾಲ್ವುಗಳನ್ನು ನೆನೆದು ವಾಲ್ವಣ್ಣ ಬಿಕ್ಕಿಬಿಕ್ಕಿ ಅಳುತ್ತಿದ್ದ, ಅವನ ಹೆಂಡತಿ ತಾಯಿಯವರ ಹೆಗಲಿಗೆ ಶಾಲು ಹೊದಿಸುತ್ತಿದ್ದಳು. ತಾಯಿ ಕಿಟಕಿಯಿಂದ ಕೈ ಹೊರಗೆ ಹಾಕಿ, ಮುಖ ಅರಳಿಸಿ, ಜೋರಾಗಿ ಬೀಸತೊಡಗಿದರು. ಹೂಂರಾಯರು ನಿಂತದ್ದು ಎಡಕ್ಕೆ. ತಾಯಿ ಬೀಸಿದ್ದು ಬಲಕ್ಕಿದ್ದ ದೀಪದ ಕಂಬಕ್ಕೆ.

ಹೂಂರಾಯರು ಓಡಿಹೋಗಿ ಕಂಬದ ಪಕ್ಕದಲ್ಲಿ ನಿಂತುಕೊಂಡರು.